ಶಿಲುಬೆ ಯುದ್ಧಗಳು: ನೆನಪುಳಿದ ಖಡ್ಗ, ಮರೆತುಹೋದ ಒಪ್ಪಂದ

2001ರ ಸೆಪ್ಟಂಬರ್ 11ರ ದಾಳಿ ನಡೆದ ಐದು ದಿನಗಳ ಬಳಿಕ ಅಮೆರಿಕದ ಅಧ್ಯಕ್ಷ ಜಾರ್ಜ್ ಬುಶ್ ಭಯೋತ್ಪಾದನೆಯ ವಿರುದ್ಧದ ತಮ್ಮ ಸಮರವನ್ನು 'ಕ್ರುಸೇಡ್' ಎಂದು ಕರೆದರು. ಆಕ್ಷೇಪಗಳು ಎದ್ದಾಗ ಶ್ವೇತಭವನ ವಿಷಾದ ವ್ಯಕ್ತಪಡಿಸಿತು. ಅದಕ್ಕೂ ಮೊದಲು, 1998ರಲ್ಲಿ, ಉಸಾಮ ಬಿನ್ ಲಾದನ್ ಮತ್ತು ಸಂಗಡಿಗರು 'ಯಹೂದಿಗಳು ಮತ್ತು ಕ್ರುಸೇಡರರ' ವಿರುದ್ಧ ಯುದ್ಧ ಸಾರಿದ್ದರು. ಕಡುವೈರಿಗಳಿಬ್ಬರೂ ಆಯ್ದುಕೊಂಡ ಪದ ಒಂದೇ! ಆದರೆ ಆ ಪದದ ಹಿಂದಿರುವ ಇತಿಹಾಸ, ಇಬ್ಬರೂ ಭಾವಿಸಿದಷ್ಟು ಸರಳವಾಗಿಲ್ಲ.

1095ರಲ್ಲಿ ಫ್ರಾನ್ಸಿನ ಕ್ಲೆರ್ಮಾಂಟ್‌ನಲ್ಲಿ ಪೋಪ್ ಎರಡನೇ ಅರ್ಬನ್ ಜೆರುಸಲೇಮಿನ ವಿಮೋಚನೆಗೆ ಕರೆಕೊಟ್ಟರು. ಶಿಲುಬೆ ಧರಿಸಿ ಹೊರಟವರ ಖಡ್ಗಕ್ಕೆ ಮೊದಲು ಬಲಿಯಾದವರು ಮುಸ್ಲಿಮರಲ್ಲ. 1096ರಲ್ಲಿ ಜರ್ಮನಿಯ ವರ್ಮ್ಸ್, ಮೈನ್ಸ್ ನಗರಗಳ ಯಹೂದಿಗಳು. 1099ರ ಜುಲೈ 15ರಂದು ಜೆರುಸಲೇಮ್ ಪತನಗೊಂಡಾಗ ಮುಸ್ಲಿಮರು ಮತ್ತು ಯಹೂದಿಗಳ ಮಾರಣಹೋಮ ನಡೆಯಿತು. ಸತ್ತವರು 70 ಸಾವಿರ ಎಂದು ಇಬ್ನುಲ್ ಅಸೀರ್ ಬರೆದರು. ಇಂದಿನ ಇತಿಹಾಸಕಾರರ ಲೆಕ್ಕ ಅದಕ್ಕಿಂತ ಬಹಳ ಕಡಿಮೆ. ಹಾಗೆಂದು ಆ ಕ್ರೌರ್ಯ ಕಿರಿದಾಗುವುದಿಲ್ಲ.

ಆಗ ಮುಸ್ಲಿಮ್ ಪ್ರಭುಗಳು ಏನು ಮಾಡುತ್ತಿದ್ದರು? ಸೆಲ್ಜೂಕರ ಪಾಳೆಯದವರಿಂದ ಈಜಿಪ್ಟಿನ ಫಾತಿಮೀಗಳು ಜೆರುಸಲೇಮನ್ನು ಕಿತ್ತುಕೊಂಡು ಕೇವಲ ಒಂದು ವರ್ಷವಾಗಿತ್ತು. ಮುಂದೆ ಮೋಸುಲಿನ ಝಂಗಿಗೆ ಹೆದರಿದ ಡಮಾಸ್ಕಸ್, ಜೆರುಸಲೇಮಿನ ಕ್ರೈಸ್ತ ಅರಸನೊಂದಿಗೇ ಮೈತ್ರಿ ಮಾಡಿಕೊಂಡಿತು. 1148ರಲ್ಲಿ ಎರಡನೇ ಶಿಲುಬೆ ಯುದ್ಧದ ಸೇನೆ ಮುತ್ತಿಗೆ ಹಾಕಿದ್ದು ಅದೇ ಡಮಾಸ್ಕಸ್‌ಗೆ! 1204ರಲ್ಲಂತೂ ಶಿಲುಬೆ ಧರಿಸಿದವರು ಕ್ರೈಸ್ತರದೇ ಆದ ಕಾನ್‌ಸ್ಟಾಂಟಿನೋಪಲನ್ನು ಸೂರೆಗೈದರು. ಆ ಗಾಯಕ್ಕಾಗಿ 2001ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಅಥೆನ್ಸಿನಲ್ಲಿ ದೇವರ ಕ್ಷಮೆ ಬೇಡಬೇಕಾಯಿತು.

1187ರ ಅಕ್ಟೋಬರ್ 2ರಂದು ಸಲಾಹುದ್ದೀನ್ ಅಯ್ಯೂಬಿ ಜೆರುಸಲೇಮನ್ನು ಮರಳಿ ಪಡೆದಾಗ 1099ರ ಸೇಡು ತೀರಿಸಿಕೊಳ್ಳಲಿಲ್ಲ. ಗಂಡಸಿಗೆ 10 ದೀನಾರ್, ಹೆಂಗಸಿಗೆ 5 ದೀನಾರ್ ವಿಮೋಚನಾ ಹಣ ಕೊಟ್ಟವರಿಗೆ ಸುರಕ್ಷಿತವಾಗಿ ಹೊರಹೋಗಲು ಅವಕಾಶವಿತ್ತು. ಬಡವರನೇಕರನ್ನು ಸುಮ್ಮನೆಯೂ ಬಿಡಲಾಯಿತು. ಈ ಔದಾರ್ಯವನ್ನು ನಾವು ಹೆಮ್ಮೆಯಿಂದ ಸ್ಮರಿಸುತ್ತೇವೆ. ಆದರೆ ಹಣವಿಲ್ಲದ ಸಾವಿರಾರು ಮಂದಿ ಗುಲಾಮರಾದರು ಎಂಬುದನ್ನೂ, 1268ರಲ್ಲಿ ಸುಲ್ತಾನ್ ಬೈಬರ್ಸ್‌ನ ಸೇನೆ ಅಂತಿಯೋಕ್ಯದಲ್ಲಿ ಭೀಕರ ಹತ್ಯೆ ನಡೆಸಿತು ಎಂಬುದನ್ನೂ ಮರೆಮಾಚಿದರೆ ಅದು ಇತಿಹಾಸವಾಗುವುದಿಲ್ಲ.

ಜೆರುಸಲೇಮ್ ಮೂರನೇ ಬಾರಿ ಕೈಬದಲಾದುದು 1229ರಲ್ಲಿ. ಅದಕ್ಕಾಗಿ ಯುದ್ಧವೇ ನಡೆಯಲಿಲ್ಲ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಸಲಾಹುದ್ದೀನರ ಸಹೋದರನ ಮಗ, ಈಜಿಪ್ಟಿನ ಸುಲ್ತಾನ್ ಅಲ್ ಕಾಮಿಲ್ ಮತ್ತು ಸಿಸಿಲಿಯಲ್ಲಿ ಬೆಳೆದ ಚಕ್ರವರ್ತಿ ಎರಡನೇ ಫ್ರೆಡ್ರಿಕ್ ತಿಂಗಳುಗಟ್ಟಲೆ ರಾಯಭಾರಿಗಳ ಮೂಲಕ ಮಾತುಕತೆ ನಡೆಸಿದರು. ಜೆರುಸಲೇಮ್, ಬೆತ್ಲೆಹೇಮ್ ಕ್ರೈಸ್ತರ ಆಡಳಿತಕ್ಕೆ. ಮಸ್ಜಿದುಲ್ ಅಕ್ಸಾ ಮತ್ತು ಕುಬ್ಬತುಸ್ಸಖ್ರಾ ಮುಸ್ಲಿಮರಿಗೆ. ಹತ್ತು ವರ್ಷಗಳಿಗೂ ಮಿಕ್ಕಿದ ಅವಧಿಗೆ ಶಾಂತಿ. ಇಬ್ಬರೂ ಸಂತರೇನಲ್ಲ. ಒಬ್ಬರಿಗೆ ಕುಟುಂಬದೊಳಗಿನ ಅಧಿಕಾರ ಕಲಹದ ಚಿಂತೆ, ಇನ್ನೊಬ್ಬರಿಗೆ ಪೋಪ್ ಜೊತೆಗಿನ ಜಗಳ. ಆದರೂ ಸಾವಿರಾರು ಜೀವಗಳು ಉಳಿದವು.

ಪ್ರತಿಫಲವೇನು? ಡಮಾಸ್ಕಸ್‌ನ ಮಸೀದಿಯಲ್ಲಿ ಸುಲ್ತಾನನ ವಿರುದ್ಧ ಪ್ರವಚನ ನಡೆಯಿತು. ಆಗಲೇ ಧರ್ಮಭ್ರಷ್ಟನೆಂದು ಬಹಿಷ್ಕೃತನಾಗಿದ್ದ ಚಕ್ರವರ್ತಿಗೆ ಅಕ್ಕಾ ನಗರದ ಕ್ರೈಸ್ತರು ಕಸಾಯಿ ಅಂಗಡಿಗಳ ಹೊಲಸನ್ನು ಎಸೆದು ವಿದಾಯ ಹೇಳಿದರು. ರಕ್ತ ಹರಿಸದೆ ಪಡೆದ ನಗರ ಎರಡೂ ಕಡೆಯವರಿಗೆ ಅವಮಾನವಾಗಿ ಕಂಡಿತ್ತು!

1291ರಲ್ಲಿ ಅಕ್ಕಾ ಮಮ್ಲೂಕರ ವಶವಾಗುವುದರೊಂದಿಗೆ ಶಿಲುಬೆ ರಾಜ್ಯಗಳ ಕಥೆ ಬಹುತೇಕ ಮುಗಿಯಿತು. ಅಂದಿನ ಅರಬ್ ಚರಿತ್ರೆಕಾರರು ಇವರನ್ನು 'ಫ್ರಾಂಕರು' ಎಂದೇ ಬರೆದಿದ್ದರು. 'ಶಿಲುಬೆ ಯುದ್ಧ' ಎಂಬ ಅರಬಿ ಪದ ಚಾಲ್ತಿಗೆ ಬಂದುದು 19ನೇ ಶತಮಾನದಲ್ಲಿ, ಯುರೋಪಿನ ಬರಹಗಳ ಪ್ರಭಾವದಿಂದ, ವಸಾಹತುಶಾಹಿ ಏರುತ್ತಿದ್ದಾಗ. 1898ರಲ್ಲಿ ಜರ್ಮನಿಯ ಚಕ್ರವರ್ತಿ ಎರಡನೇ ವಿಲ್ಹೆಲ್ಮ್ ಡಮಾಸ್ಕಸ್‌ಗೆ ಬಂದು ಸಲಾಹುದ್ದೀನರಿಗೆ ಗೌರವ ಸಲ್ಲಿಸಿದರು. ಅಮೃತಶಿಲೆಯ ಸಮಾಧಿಪೆಟ್ಟಿಗೆಯೊಂದನ್ನು ಕಾಣಿಕೆಯಿತ್ತರು. ಹೀಗೆ ಅಲ್ಲೀಗ ಎರಡು ಸಮಾಧಿಗಳಿವೆ: ಒಂದು ಹಳೆಯ ಮರದ್ದು, ಇನ್ನೊಂದು ಕಣ್ಣು ಸೆಳೆಯುವ, ಆದರೆ ಬರಿದಾದ ಅಮೃತಶಿಲೆಯದ್ದು.

ಇತಿಹಾಸವನ್ನೂ ಹಾಗೆಯೇ ಎರಡಾಗಿಸಿದ್ದೇವೆ. ದ್ವೇಷಕ್ಕೆ ಬೇಕಾದುದನ್ನು ಎತ್ತಿ ಹಿಡಿಯುವವರು ಎಲ್ಲ ಸಮುದಾಯಗಳಲ್ಲೂ ಇದ್ದಾರೆ. 1099 ಮತ್ತು 1187ನ್ನು ಮಕ್ಕಳಿಗೆ ಹೇಳುವ ನಾವು 1229ನ್ನೂ ಹೇಳಬೇಕಲ್ಲವೇ? ಖಡ್ಗ ಹಿಡಿದ ಕೈಗಳೇ ಒಪ್ಪಂದಕ್ಕೂ ಮುದ್ರೆಯೊತ್ತಿದ್ದವು ಎಂಬ ಸತ್ಯ ಅವರಿಗೂ ತಿಳಿಯಲಿ.