ಕಲ್ಲಿಗೆ ಬೆಲೆ ಇಲ್ಲ

ದೊಡ್ಡತೋಗೂರಿನ ನಮ್ಮ ಪಿ.ಜಿ.ಯಲ್ಲಿ ಪಕ್ಕದ ಮಂಚದ ಗೆಳೆಯ ಒಂದು ಬೆಳ್ಳಿ ಕಡಗ ಹಾಕುತ್ತಾನೆ. ಸುರುಳಿ ಸುತ್ತಿಕೊಂಡ ಡ್ರ್ಯಾಗನ್, ಬಾಯಲ್ಲಿ ಕೋರೆಹಲ್ಲು, ಕಣ್ಣಿನ ಜಾಗದಲ್ಲಿ ಕೆಂಪು ಕಲ್ಲು. ಒಳಮೈಯಲ್ಲಿ 925 ಎಂಬ ಮುದ್ರೆ. ಕಂಪನಿಯ ಗೇಟಿನಲ್ಲಿ ದಿನವೂ ಅದು ಕೀಂಯ್ ಎನ್ನುತ್ತದೆ, ದಿನವೂ ಸೆಕ್ಯೂರಿಟಿಯವರು ಕೈ ಎತ್ತಿಸುತ್ತಾರೆ. ಒಂದು ರಾತ್ರಿ ಅವನು ಕೇಳಿದ: ‘ನೀನು ಹಿಸ್ಟರಿ ಅಲ್ವಾ ಗುರು, ನಮ್ಮಲ್ಲಿ ಡ್ರ್ಯಾಗನ್ ಇರಲಿಲ್ವಾ?’

ಇತ್ತು. ಹೆಸರು ಬೇರೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ತಳದಲ್ಲಿ ಆನೆಗಳ ಸಾಲಿನಿಂದ ಮೇಲಕ್ಕೆ ನೋಡುತ್ತ ಹೋಗಿ; ಪುರಾಣಕಥೆಗಳ ಸಾಲಿನ ಮೇಲೆ, ಹಂಸಗಳ ಸಾಲಿನ ಕೆಳಗೆ ಅದು ಸಿಗುತ್ತದೆ. ಮೊಸಳೆಯ ದವಡೆ, ಆನೆಯ ಸೊಂಡಿಲಿನಂಥ ಮೂತಿ, ಬಳ್ಳಿಯಂತೆ ಸುರುಳಿಯಾಗಿ ಒಡೆಯುವ ಬಾಲ. ಅದೇ ಮಕರ. ಬೇಲೂರಿನ ಬಾಗಿಲವಾಡದ ಮೇಲೂ ಇದೆ, ವರುಣನಿಗೆ ವಾಹನವೂ ಹೌದು. ಚೀನಾದ ಡ್ರ್ಯಾಗನ್ನಿಗೂ ಇದಕ್ಕೂ ನೆಂಟಸ್ತಿಕೆ ಕಟ್ಟುವವರಿದ್ದಾರೆ. ನನಗೆ ಆ ಉತ್ಸಾಹವಿಲ್ಲ. ಎರಡೂ ನೀರಿನ ಪ್ರಾಣಿಗಳು, ಎರಡೂ ಆಭರಣಕ್ಕೆ ಹೇಳಿ ಮಾಡಿಸಿದ ಮೈಯವು, ಅಷ್ಟು ಸಾಕು. ಉದ್ದ ದೇಹವನ್ನು ಬಗ್ಗಿಸಿದರೆ ಬಳೆಯಾಗುತ್ತದೆ, ಎರಡು ತುದಿಗೆ ಎರಡು ತಲೆ ಇಟ್ಟರೆ ಬಾಯಿ ತೆರೆದ ಕಡಗವಾಗುತ್ತದೆ. ಕಿವಿಗಾದರೆ ಮಕರಕುಂಡಲ.

ಶಿರಾ ಕಡೆಯ ನಮ್ಮ ಮನೆಯಲ್ಲೂ ಅಂಥದೊಂದು ಜೋಡಿ ಇತ್ತು. ಅಜ್ಜಿಯ ತಾಯಿಯದು. ಮೊಸಳೆಯೋ ಸಿಂಹವೋ ಹೇಳಲಾಗದಷ್ಟು ಸವೆದ ಮುಖಗಳು. ಅಜ್ಜಿ ಅದನ್ನು ಮಕರ ಅಂದವಳಲ್ಲ, ‘ಇಪ್ಪತ್ನಾಲ್ಕು ರೂಪಾಯಿ ಕಡಗ’ ಅನ್ನುತ್ತಿದ್ದಳು. ಅದು ಅದರ ಬೆಲೆ ಅಂತಲೇ ನಾನು ಬಹಳ ಕಾಲ ತಿಳಿದಿದ್ದೆ. ಅದು ತೂಕ. ಬ್ರಿಟಿಷರು 1835ರಿಂದ ಟಂಕಿಸಿದ ಬೆಳ್ಳಿ ರೂಪಾಯಿ ಸರಿಯಾಗಿ ಒಂದು ತೊಲ, ಅಂದರೆ 11.66 ಗ್ರಾಂ ಇತ್ತು. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ. ಹಳ್ಳಿಯಲ್ಲಿ ಬೇರೆ ಬೆಳ್ಳಿ ಹುಡುಕುವುದೆಲ್ಲಿ? ಸುಗ್ಗಿಯ ಹಣದಲ್ಲಿ ಉಳಿದ ನಾಣ್ಯಗಳನ್ನೇ ಅಕ್ಕಸಾಲಿಯ ಮೂಸೆಗೆ ಹಾಕಿಸಿದರೆ ಒಡವೆ. ಅಕ್ಕನ ಚಿನ್ನವನ್ನೂ ಅಕ್ಕಸಾಲಿ ಬಿಡ ಎಂಬ ಗಾದೆ ಇದ್ದರೂ, ಇಷ್ಟು ನಾಣ್ಯ ಕೊಟ್ಟೆ ಎಂಬ ಲೆಕ್ಕ ಮನೆಯವರ ಬಾಯಲ್ಲಿ ಉಳಿಯುತ್ತಿತ್ತು.

ಇಲ್ಲೊಂದು ತಮಾಷೆಯಿದೆ. ಆ ರೂಪಾಯಿಯ ಶುದ್ಧತೆ ನೂರಕ್ಕೆ 91.67. ಗೆಳೆಯನ ಕಡಗದ 925 ಎಂದರೆ ನೂರಕ್ಕೆ 92.5; ಉಳಿದದ್ದು ಹೆಚ್ಚಾಗಿ ತಾಮ್ರ, ಏಕೆಂದರೆ ಅಪ್ಪಟ ಬೆಳ್ಳಿ ಮೆತ್ತಗೆ, ಬಳಸಿದರೆ ಬಾಗುತ್ತದೆ. ಸ್ಟರ್ಲಿಂಗ್ ಎಂಬ ಹೆಸರು ಕೇಳದೆಯೇ ನಮ್ಮ ಮುತ್ತಜ್ಜಿ ಹೆಚ್ಚುಕಡಿಮೆ ಸ್ಟರ್ಲಿಂಗನ್ನೇ ತೊಟ್ಟಿದ್ದಳು. 1940ರಲ್ಲಿ ಸರಕಾರ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು. ಹಳೆಯ ನಾಣ್ಯವನ್ನು ಜನ ಬಚ್ಚಿಟ್ಟುಕೊಳ್ಳಲು ಅದೂ ಒಂದು ಕಾರಣ.

2019ರಲ್ಲಿ ನನ್ನ ಎಂ.ಎ. ಪ್ರವೇಶಕ್ಕೆಂದು ಅಪ್ಪ ಆ ಜೋಡಿಯನ್ನು ಮಾರಿದರು. ನಾನೂ ಜೊತೆಗಿದ್ದೆ. ಅಂಗಡಿಯವರು ಕಡಗವನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಅರಗು ತುಂಬಿದೆ ಎಂದು ಅದರ ತೂಕ ಕಳೆದರು. ಕಣ್ಣಿನ ಕೆಂಪು ಹರಳನ್ನು ಮೊಳೆಯಿಂದ ಎಬ್ಬಿಸಿ ಮೇಜಿನ ಮೇಲಿಟ್ಟು, ‘ಕಲ್ಲಿಗೆ ಬೆಲೆ ಇಲ್ಲ’ ಅಂದರು. ರಸೀದಿಯಲ್ಲಿ ಬರೆದದ್ದು ಇಷ್ಟೇ: ಹಳೆ ಬೆಳ್ಳಿ, ಕಡಗ 2, ನಿವ್ವಳ ತೂಕ. ಅವರು ಮೋಸ ಮಾಡಲಿಲ್ಲ. ಆದರೆ ಆ ಮುಖ ಮಕರವೋ ಸಿಂಹವೋ ಎಂಬ ಪ್ರಶ್ನೆ ಆ ಸಂಜೆಯೇ ಕರಗಿರಬೇಕು. ನಾನು ಒಂದು ಫೋಟೋ ಕೂಡ ತೆಗೆದುಕೊಂಡಿರಲಿಲ್ಲ.

ಅಂಗಡಿಯ ಈ ಲೆಕ್ಕ ಹೊಸದಲ್ಲ ಎಂದು ಆಮೇಲೆ ಓದಿನಲ್ಲಿ ಗೊತ್ತಾಯಿತು. ತಂಜಾವೂರಿನ ಬೃಹದೀಶ್ವರದ ಗೋಡೆಗಳ ಮೇಲೆ ರಾಜರಾಜ ಚೋಳನ ಕಾಲದ ಒಡವೆಗಳ ಪಟ್ಟಿ ಇದೆ. ಚಿನ್ನ ಎಷ್ಟು, ಮುತ್ತು ಎಷ್ಟು, ಯಾವ ಹರಳು ಎಷ್ಟು, ಅರಗು ಸೇರಿ ತೂಕ ಎಷ್ಟು, ಎಲ್ಲವೂ ಉಂಟು. ವ್ಯತ್ಯಾಸ ಒಂದೇ: ಅಲ್ಲಿ ಹರಳಿಗೂ ಲೆಕ್ಕವಿತ್ತು. ಪಟ್ಟಿ ಸಾವಿರ ವರ್ಷದಿಂದ ಗೋಡೆಯ ಮೇಲಿದೆ, ಒಡವೆಗಳಿಲ್ಲ.

ನಾನು ಬೇಗೂರಿನ ವೀರಗಲ್ಲಿನ ಮುಂದೆ ನಿಂತಾಗಲೆಲ್ಲ ಇದೇ ಕಾಡುತ್ತದೆ. ಕಸ್ತೂರಬಾ ರಸ್ತೆಯ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲು ಸುಮಾರು ಕ್ರಿ.ಶ. 900ರದ್ದು. ಗಂಗರ ಎರೆಯಪ್ಪನ ಆಜ್ಞೆಯಂತೆ ಅಯ್ಯಪದೇವನ ನೆರವಿಗೆ ಹೋದ ನಾಗತ್ತರ, ತುಂಬೆಪಾಡಿಯಲ್ಲಿ ಬೀರಮಹೇಂದ್ರನ ಸೇನೆಯೊಡನೆ ಕಾದಿ ಸತ್ತ. ಎರೆಯಪ್ಪ ಇರುಗನೆಂಬವನಿಗೆ ನಾಗತ್ತರನ ಪಟ್ಟ ಕಟ್ಟಿ, ಬೆಂಪೂರು ಹನ್ನೆರಡನ್ನು ಕೊಟ್ಟ. ಬೆಂಪೂರೆಂದರೆ ಬೇಗೂರು. ಊರುಗಳ ಪಟ್ಟಿಯಲ್ಲಿ ತೊವಗೂರಿದೆ, ಇಗ್ಗಲೂರಿದೆ, ಕೂಡಲೆಯಿದೆ. ತೊವಗೂರು ನಮ್ಮ ಪಿ.ಜಿ. ಇರುವ ತೋಗೂರೇ ಇರಬೇಕು. 1978ರಲ್ಲಿ ಕಿಯೋನಿಕ್ಸ್ ದೊಡ್ಡತೋಗೂರು, ಕೋನಪ್ಪನ ಅಗ್ರಹಾರಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಗಲ್ಲು ಹಾಕುವ ಸಾವಿರದ ಚಿಲ್ಲರೆ ವರ್ಷ ಮೊದಲೇ ಈ ನೆಲ ಒಬ್ಬ ಸತ್ತವನ ಲೆಕ್ಕಕ್ಕೆ ಬರೆದುಕೊಂಡಿತ್ತು.

ಪಟ್ಟವೆಂದರೆ ಹಣೆಗೆ ಕಟ್ಟುವ ಪಟ್ಟಿ. ‘ಪಟ್ಟ ಕಟ್ಟು’ ಎಂಬ ನಮ್ಮ ಮಾತು ಬಂದದ್ದು ಅಲ್ಲಿಂದ. ವೀರರ ಕಾಲಿಗೆ, ಆಮೇಲೆ ಕವಿ, ಪಂಡಿತರ ಕಾಲಿಗೂ ಗಂಡಪೆಂಡಾರ ತೊಡಿಸುತ್ತಿದ್ದರು. ಅಂದರೆ ಒಡವೆಯೇ ಅಂದಿನ ನೇಮಕಾತಿ ಪತ್ರ. ಗಂಡಸರು ಕಡಗ ಹಾಕುವುದು ಈಚಿನ ಶೋಕಿ ಎಂದು ನಮ್ಮ ಪಿ.ಜಿ. ಮಾಲೀಕರು ಗೊಣಗುವುದುಂಟು, ಅವರು ಒಮ್ಮೆ ಯಾವುದಾದರೂ ವೀರಗಲ್ಲು ನೋಡಬೇಕು. ಮೇಲಿನ ಪಟ್ಟಿಕೆಯಲ್ಲಿ ಅಪ್ಸರೆಯರ ನಡುವೆ ಕೂತ ವೀರನಿಗೆ ಕೊರಳು, ತೋಳುಗಳಲ್ಲಿ ಒಡವೆ ಕೊರೆದಿರುವುದು ಅಪರೂಪವಲ್ಲ. ನಮ್ಮಲ್ಲಿ ಕಡಗದ ಇತಿಹಾಸ ಬರೆಯಬೇಕಾದವರು ಕಲ್ಲನ್ನೇ ನೋಡಬೇಕು. ಲೋಹ ಪ್ರತಿ ಬರಗಾಲಕ್ಕೂ, ಪ್ರತಿ ಮದುವೆಗೂ, ಪ್ರತಿ ಫೀಸಿಗೂ ಮೂಸೆಗೆ ಹೋಗಿ ಹೊಸ ಒಡವೆಯಾಗಿ ಬಂದಿದೆ. ಗೆಳೆಯನ ಡ್ರ್ಯಾಗನ್ನಿನಲ್ಲಿ ಯಾರ ಮನೆಯ ಬೆಳ್ಳಿ ಇದೆಯೋ.

ಇದನ್ನೆಲ್ಲ ಹೇಳಿ ಮುಗಿಸುವ ಹೊತ್ತಿಗೆ ಹನ್ನೆರಡಾಗಿತ್ತು. ಎರಡು ತಿಂಗಳಿಂದ ಪ್ರಾಜೆಕ್ಟ್ ಇಲ್ಲದೆ ಬೆಂಚಿನಲ್ಲಿರುವ ಅವನು ಕಡಗ ಬಿಚ್ಚಿ ನನ್ನ ಕೈಗಿಟ್ಟ. ಮೈಬಿಸಿಗೆ ಇನ್ನೂ ಬೆಚ್ಚಗಿತ್ತು. ಮುಖ, ಕೋರೆ, ಬಾಲದ ಸುರುಳಿ, ಒಳಗಿನ ಮುದ್ರೆ, ಎಲ್ಲದರ ಫೋಟೋ ತೆಗೆದುಕೊಂಡೆ. ‘ಅರಗಿಲ್ಲ, ಪೂರಾ ಬೆಳ್ಳೀನೇ’ ಅಂದ. ಸ್ವಲ್ಪ ಹೊತ್ತು ಬಿಟ್ಟು, ‘ಅಡ ಇಟ್ರೆ ಎಷ್ಟು ಕೊಡ್ತಾರೆ ಗುರು?’ ಎಂದು ಕೇಳಿದ.