ಬೆಚ್ಚಗೆ

ಬೆಚ್ಚಗೆ: ಮೈಗೆ ಹಿತವಾಗುವಷ್ಟು ಬಿಸುಪನ್ನು ಸೂಚಿಸುವ ಕನ್ನಡ ಪದ. ಕ್ರಿಯಾಪದದ ಜೊತೆ ‘ಬೆಚ್ಚಗೆ’ ಎಂದೂ ನಾಮಪದದ ಹಿಂದೆ ‘ಬೆಚ್ಚನೆಯ’, ‘ಬೆಚ್ಚಗಿನ’ ಎಂದೂ ಬಳಕೆಯಾಗುತ್ತದೆ. ಚಳಿ, ಗಾಳಿ, ತೇವ ತಾಗದ ನೆಮ್ಮದಿಯೂ ಇದರ ಅರ್ಥದಲ್ಲಿ ಸೇರಿದೆ.

ನಿಷ್ಪತ್ತಿ: ಬೇಯು, ಬೆಂಕಿ, ಬಿಸಿ, ಬಿಸಿಲು ಇದೇ ಬಳಗದ ಪದಗಳು. ಮೂಲ ದ್ರಾವಿಡದ ಪದಾದಿ ವಕಾರ ಕನ್ನಡ, ತುಳುಗಳಲ್ಲಿ ಬಕಾರವಾಗಿದೆ. ತೆಲುಗಿನ ‘ವೆಚ್ಚನಿ’, ತಮಿಳಿನ ‘ವೆಪ್ಪಂ’ ರೂಪಗಳಲ್ಲಿ ವಕಾರ ಉಳಿದಿದೆ. ‘ಬೆಚ್ಚಿಬೀಳು’ ಎಂಬುದರಲ್ಲಿರುವ ‘ಬೆಚ್ಚು’ ಬೇರೆ ಧಾತು; ಅದರ ಹಳಗನ್ನಡ ರೂಪ ‘ಬೆರ್ಚು’.

ಅರ್ಥವ್ಯಾಪ್ತಿ: ಬಿಸಿಗಿಂತ ಕಡಿಮೆ, ತಂಪಿಗಿಂತ ಹೆಚ್ಚು ಎಂಬುದು ಇದರ ಮಟ್ಟ. ಇನ್ನೂ ಕಡಿಮೆಯಾದರೆ ‘ಉಗುರುಬೆಚ್ಚಗೆ’. ‘ಸೆಕೆ’ ಬೆವರಿಳಿಸುವ ಹವೆ, ‘ಕಾವು’ ಒಲೆಯಿಂದಲೋ ಮೊಟ್ಟೆಯ ಮೇಲೆ ಕೂತ ಕೋಳಿಯಿಂದಲೋ ಹೊಮ್ಮುವ ಶಾಖ. ಸೆಕೆ ಹಿತವಲ್ಲ, ಬೆಚ್ಚಗಿರುವುದು ಹಿತ.

ಕುಂದಾಪುರ ಸೀಮೆಯಲ್ಲಿ: ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳಲ್ಲಿ ಕುಂದಾಪ್ರ ಕನ್ನಡ ರೂಢಿಯಲ್ಲಿದೆ. ಕರಾವಳಿಯ ಬೇಸಿಗೆಗೆ ಒಪ್ಪುವ ಮಾತು ಸೆಕೆ. ಬೆಚ್ಚಗಿನ ಹಂಬಲ ಮೂಡುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಜಡಿಮಳೆಯಲ್ಲಿ, ಅದರಲ್ಲೂ ‘ಆಸಾಡಿ’ ಎನ್ನುವ ಆಷಾಢದಲ್ಲಿ. ಗದ್ದೆ ಕೆಲಸಕ್ಕೆ ಹಿಂದೆ ಮಳೆ ತಡೆಯುವ ಗೊರಬು, ಕಂಬಳಿಕೊಪ್ಪೆ ಇರುತ್ತಿದ್ದವು. ಮನೆಗೆ ಬಂದರೆ ಬಚ್ಚಲ ಹಂಡೆಯ ‘ಬಿಸ್ನೀರ್’, ಗಂಜಿ, ಹಲಸಿನ ಹಪ್ಪಳ, ‘ಕಂಬ್ಳಿ’. ‘ಬೆಚ್ಚಗೆ ಹೊದ್ಕಂಡ್ ಮನಿಕೊ’ ಎಂದರೆ ಬೆಚ್ಚಗೆ ಹೊದ್ದು ಮಲಗು ಎಂದರ್ಥ.

ಬ್ರಹ್ಮಾವರದ ಆಸುಪಾಸಿನಲ್ಲಿ ಕುಂದಾಪ್ರ ಕನ್ನಡವೂ ತುಳುವೂ ಎದುರಾಗುತ್ತವೆ. ತುಳುವಿನ ‘ಬೆಚ್ಚ’ ಕನ್ನಡದ ‘ಬಿಸಿ’ಗೆ ಸಮಾನ: ‘ಬೆಚ್ಚ ನೀರ್’ ಎಂದರೆ ಬಿಸಿನೀರು. ಕನ್ನಡದ ‘ಬೆಚ್ಚಗಿನ ನೀರು’ ಅಷ್ಟು ಬಿಸಿಯಲ್ಲ. ಒಂದೇ ಮೂಲದ ಪದ ಎರಡು ಭಾಷೆಗಳಲ್ಲಿ ಎರಡು ಮಟ್ಟದ ಶಾಖವನ್ನು ಹೇಳುತ್ತದೆ.

ಲಾಕ್ಷಣಿಕ ಬಳಕೆ: ‘ಮೈ ಬೆಚ್ಚಗಿದೆ’ ಎಂದರೆ ತುಸು ಜ್ವರವಿದೆ ಎಂದು. ‘ಜೇಬು ಬೆಚ್ಚಗಿದೆ’ ಎಂಬುದು ಕೈಯಲ್ಲಿ ಹಣವಿರುವುದನ್ನೂ ‘ಕೈ ಬೆಚ್ಚಗೆ ಮಾಡು’ ಎಂಬುದು ಲಂಚ ಕೊಡುವುದನ್ನೂ ಸೂಚಿಸುತ್ತದೆ. ಗೃಹಸುಖವನ್ನು ಬಣ್ಣಿಸುವ ಸರ್ವಜ್ಞನ ಹೆಸರಾಂತ ತ್ರಿಪದಿ ಬೆಚ್ಚಗಿನ ಮನೆಯಿಂದಲೇ ಮೊದಲಾಗುತ್ತದೆ. ‘ಬೆಚ್ಚನೆಯ ನೆನಪು’, ‘ಬೆಚ್ಚನೆಯ ಸ್ವಾಗತ’ ಮುಂತಾದವು ಆಡುಮಾತಿಗಿಂತ ಆಧುನಿಕ ಬರವಣಿಗೆಯಲ್ಲಿ ಹೆಚ್ಚು. ಎರಡನೆಯದರಲ್ಲಿ ಇಂಗ್ಲಿಷಿನ ಪ್ರಭಾವ ಕಾಣುತ್ತದೆ.