ಚರ್ಮದ ಕಲೆ, ರಕ್ತದ ಕಥೆ

1/5
ಅಮೃತಹಳ್ಳಿ ಮೇನ್ ರೋಡಲ್ಲಿ ವಾಟರ್ ಟ್ಯಾಂಕರ್ ಅಡ್ಡ ನಿಂತ್ರೆ ಏನಾಗತ್ತೆ? ಬೈಕಿನವರು ಹೇಗೋ ನುಸುಳ್ತಾರೆ, ಕಾರಿನವರು ಸಿಕ್ಕಿಹಾಕ್ಕೊಳ್ತಾರೆ. ನಿಮ್ಮ ಮೈಯೊಳಗೂ ಅದೇ ಕಥೆ. ಕೆಂಪು ರಕ್ತಕಣದ ಅಗಲ ಸುಮಾರು 8 ಮೈಕ್ರೋಮೀಟರ್. ಅದು ದಾಟಬೇಕಾದ ಎಷ್ಟೋ ಲೋಮನಾಳಗಳು ಅದಕ್ಕಿಂತ ಕಿರಿದು. ಬಾಗಿದರೆ ಮಾತ್ರ ದಾರಿ.

2/5
ಇದನ್ನು ಮೊದಲೇ ಗಮನಿಸಿದವನು ಡಾಕ್ಟರ್ ಅಲ್ಲ, ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್! ಆರೋಗ್ಯವಂತರ ರಕ್ತಕಣ ಮೆತ್ತಗಿರಬೇಕು, ಕಿರಿದಾದ ನಾಳದಲ್ಲಿ ಉದ್ದವಾಗಿ ಆಮೇಲೆ ಮತ್ತೆ ದುಂಡಗಾಗಬೇಕು ಅಂತ 1675ರಲ್ಲೇ ಬರೆದಿಟ್ಟ.

3/5
ಈಗ ಸೋರಿಯಾಸಿಸ್‌ಗೆ ಬನ್ನಿ. ನಮ್ಮ ಚರಕ ಸಂಹಿತೆ 18 ಬಗೆಯ ಚರ್ಮರೋಗಗಳನ್ನು 'ಕುಷ್ಠ' ಅನ್ನೋ ಒಂದೇ ಹೆಸರಿನಡಿ ಸೇರಿಸಿತ್ತು. ಯುರೋಪಿನಲ್ಲೂ ಇದನ್ನು ಕುಷ್ಠರೋಗದ ಜೊತೆ ಬೆರೆಸಿ ಜನರನ್ನು ದೂರ ಇಟ್ಟರು. ಎರಡೂ ಬೇರೆ ಅಂತ ವಿಯೆನ್ನಾದ ಹೆಬ್ರಾ ಸ್ಪಷ್ಟಪಡಿಸಿದ್ದು 1841ರಲ್ಲಿ. ಸೋರಿಯಾಸಿಸ್ ಅಂಟುರೋಗ ಅಲ್ಲವೇ ಅಲ್ಲ. ಆದ್ರೂ ಇವತ್ತಿಗೂ ಬಿಸಿಲಲ್ಲಿ ಫುಲ್ ಸ್ಲೀವ್ ಹಾಕ್ಕೊಂಡು ಬರೋರು ಇದ್ದಾರೆ. ಯಾಕೆ ಅಂತ ನೀವೇ ಯೋಚಿಸಿ.

4/5
ಕಣ್ಣೆಲ್ಲ ಚರ್ಮದ ಮೇಲೇ ಇದ್ದಿದ್ದರಿಂದ ಒಳಗಿನ ಅಪಾಯ ತಡವಾಗಿ ಕಂಡಿತು. ಸೋರಿಯಾಸಿಸ್ ಇರುವವರಲ್ಲಿ ರಕ್ತನಾಳ ಕಟ್ಟಿಕೊಳ್ಳುವುದು ಹೆಚ್ಚು ಅಂತ 1978ರಲ್ಲಿ ಒಂದು ವರದಿ ಬಂತು. 2006ರಲ್ಲಿ ಬ್ರಿಟನ್ನಿನ ಸುಮಾರು 1,30,000 ರೋಗಿಗಳ ದಾಖಲೆ ನೋಡಿದಾಗ, ತೀವ್ರ ಸೋರಿಯಾಸಿಸ್ ಇರುವ 30 ವರ್ಷದವರಿಗೆ ಹೃದಯಾಘಾತದ ಅಪಾಯ ಅದೇ ವಯಸ್ಸಿನ ಇತರರಿಗಿಂತ ಸುಮಾರು 3 ಪಟ್ಟು. ಗಾಬರಿ ಬೇಡ. ಆ ವಯಸ್ಸಲ್ಲಿ ಹೃದಯಾಘಾತವೇ ಅಪರೂಪ, ಹಾಗಾಗಿ 3 ಪಟ್ಟಾದರೂ ಸಂಖ್ಯೆ ಚಿಕ್ಕದು. ಆದ್ರೆ ಕಡೆಗಣಿಸೋ ಹಾಗೂ ಇಲ್ಲ.

5/5
ಯಾಕೆ ಹೀಗೆ? ಸೋರಿಯಾಸಿಸ್‌ನ ಉರಿಯೂತ ಚರ್ಮಕ್ಕೇ ನಿಲ್ಲಲ್ಲ, ರಕ್ತನಾಳದ ಒಳಗೋಡೆಯನ್ನೂ ಕೆಣಕುತ್ತೆ. ಕೆಲವು ಸಣ್ಣ ಅಧ್ಯಯನಗಳಲ್ಲಿ ರೋಗಿಗಳ ರಕ್ತಕಣದ ಬಾಗುವ ಗುಣವೂ ಕಡಿಮೆಯಾಗಿ ಕಂಡಿದೆ. ಅದೊಂದೇ ಕಾರಣ ಅಂತಲ್ಲ, ಸರಪಳಿಯ ಒಂದು ಕೊಂಡಿ ಇರಬಹುದು. ರಕ್ತಕಣ ಎಷ್ಟು ಮೆತ್ತಗಿದೆ ಅಂತ ಅಳೆಯೋ ಪುಟ್ಟ ಸಾಧನವನ್ನು ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲೇ ಮಾಡಿದ್ದಾರೆ, ಗೊತ್ತಾ?

ನಿಮಗೆ ಸೋರಿಯಾಸಿಸ್ ಇದ್ರೆ ಮುಲಾಮಿನ ಜೊತೆ ಬಿಪಿ, ಶುಗರ್, ಕೊಲೆಸ್ಟ್ರಾಲ್ ಕೂಡ ಚೆಕ್ ಮಾಡಿಸಿ. ಸಿಗರೇಟ್ ಬಿಡಿ. ಇಲ್ಲದಿದ್ರೆ, ಪಕ್ಕದ ಬೆಂಚಿನವರ ಕೈ ಹಿಡಿಯೋಕೆ ಹಿಂಜರೀಬೇಡಿ. 1841ರಲ್ಲೇ ಮುಗಿದ ವಾದ ಅದು.

#ಸೋರಿಯಾಸಿಸ್ #ರಕ್ತದಕಥೆ #ಅಮೃತಹಳ್ಳಿ